ದೊರೆಯ ಕೂದಲು

ಸೆಪ್ಟೆಂಬರ್ 4, ಗುರುವಾರ
ಅಂಕಿ: 165

ಈ ನೋಟ್‌ಬುಕ್ ತಂದದ್ದು ಅಂಕಿ ಬರೆಯುವುದಕ್ಕೆ. ದಿನಾ ಬೆಳಿಗ್ಗೆ ಮಗಳು ಒಂದು ಕೊಳವೆಯೊಳಗೆ ಜೋರಾಗಿ ಊದಬೇಕು, ಮುಳ್ಳು ಎಲ್ಲಿ ನಿಲ್ಲುತ್ತದೋ ಅದನ್ನು ನಾನು ಬರೆದಿಡಬೇಕು. ಎದೆಯ ಡಾಕ್ಟರಮ್ಮನ ಅಪ್ಪಣೆ. ಪುಟಕ್ಕೊಂದೇ ಅಂಕಿ ಬರೆದರೆ ಪುಟ ದಂಡ. ಅದಕ್ಕೇ ನನ್ನ ಹೊಟ್ಟೆಯುರಿಯನ್ನೂ ಇಲ್ಲೇ ಸುರಿದುಕೊಳ್ಳುತ್ತೇನೆ. ಓದುವವರು ಯಾರಿದ್ದಾರೆ?

ವಿಷಯ ಇಷ್ಟು. ಅತ್ತೆ ನಮ್ಮ ಮನೆಗೆ ಬಂದು ಇಪ್ಪತ್ತು ದಿನವಾಯಿತು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಕೋಲು ಹಿಡಿದು ಬಂದರು. ಅವರು ಒಬ್ಬರೇ ಇದ್ದ ಕೋಣೆ ಬೇರೆ ಬೀದಿಯಲ್ಲಿ, ಮೂರನೇ ಮಹಡಿ, ಐವತ್ತನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ. ನಮ್ಮದು ನೆಲಮಹಡಿ. ಬೇಡ ಅನ್ನಲಿಕ್ಕಾಗುತ್ತದೆಯೇ? ಆದರೆ ಒಬ್ಬರೇ ಬರಲಿಲ್ಲ, ಬುಟ್ಟಿಯಲ್ಲಿ ಬೆಕ್ಕನ್ನೂ ತಂದರು. ಮೈತುಂಬ ಬೆರಳುದ್ದ ಬಿಳಿ ಕೂದಲಿನ ಬೆಕ್ಕು. ಹೆಸರು ದೊರೆ. ಅತ್ತೆ ಅದನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ. "ದೊರೆಗಳು ಎದ್ರಾ? ಹಾಲು ಕುಡೀತೀರಾ?" ನನಗೆ ಮಾತ್ರ "ಏನೇ, ಬಾರೇ ಇಲ್ಲಿ." ಹದಿಮೂರು ವರ್ಷ ಸೊಸೆಯಾಗಿದ್ದು ಒಂದು ಬೆಕ್ಕಿಗಿರುವಷ್ಟು ಮರ್ಯಾದೆ ಸಂಪಾದಿಸಲಿಲ್ಲ ನಾನು.

ಬಾಡಿಗೆ ಮನೆ ನಮ್ಮದು. ಗೋಡೆಯಿಂದ ಗೋಡೆಗೆ ಕಂದು ಬಣ್ಣದ ಕಾರ್ಪೆಟ್ಟು, ಮಾಲೀಕ ಅಂಟಿಸಿದ್ದು, ಕೀಳುವ ಹಾಗಿಲ್ಲ. ಬೆಕ್ಕು ಬಂದ ಒಂದು ವಾರಕ್ಕೇ ಮಗಳಿಗೆ ಉಬ್ಬಸ ಶುರುವಾಯಿತು. ಎಂಟು ವರ್ಷದ ಮಾತಿನ ಮಲ್ಲಿ, ಅವಳನ್ನು ನಾವು ಕರೆಯುವುದೇ ಚಿನಕುರಳಿ ಅಂತ. ಈಗ ಅವಳು ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾಳೆ.

ಇವತ್ತು ಡಾಕ್ಟರಮ್ಮ ಪರೀಕ್ಷೆಯೆಲ್ಲ ಮುಗಿಸಿ ಹೇಳಿದರು. "ಬೆಕ್ಕಿಂದಾನೇ ಅಮ್ಮ. ಕೂದಲಿನದೇನೂ ತಪ್ಪಿಲ್ಲ, ಅದಕ್ಕೆ ಅಂಟಿಕೊಂಡಿರೋದೇ ತೊಂದರೆ. ಬೆಕ್ಕು ಮೈ ನೆಕ್ಕತ್ತಲ್ಲ, ಆ ಜೊಲ್ಲು ಒಣಗಿ, ಚರ್ಮದ ಹೊಟ್ಟು ಸೇರಿ, ಕೂದಲ ಜೊತೆ ಮನೆಯೆಲ್ಲ ಹರಡತ್ತೆ."

"ಹಾಗಾದ್ರೆ ಬೆಕ್ಕನ್ನ ಕಳಿಸಿಬಿಡ್ತೀವಿ" ಅಂದೆ. ಸ್ವಲ್ಪ ಬೇಗನೇ ಅಂದೆನೋ ಏನೋ, ಪಕ್ಕದಲ್ಲಿದ್ದ ಇವರು ಕೆಮ್ಮಿದರು. ನಮ್ಮ ಯಜಮಾನರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವರು, ವಾರದಲ್ಲಿ ಐದು ದಿನ ಹಳಿಯ ಮೇಲೆಯೇ. ಊರಿನವರ ಟಿಕೆಟ್ಟೆಲ್ಲ ಗದರಿಸಿ ಕೇಳುವವರು ತಾಯಿಯ ಮುಂದೆ ಮಾತ್ರ ಗಪ್‌ಚಿಪ್. "ಅಮ್ಮ ಒಪ್ಪಲ್ಲ ಡಾಕ್ಟ್ರೇ. ಬೆಕ್ಕು ಹೋದ್ರೆ ತಾನೂ ಹೋಗ್ತೀನಿ ಅಂತಾಳೆ" ಅಂದರು.

ಡಾಕ್ಟರಮ್ಮ ಯೋಚನೆ ಮಾಡಿ ಆರು ವಾರ ಗಡುವು ಕೊಟ್ಟರು. ಮಗಳು ದಿನಾ ಔಷಧಿ ಎಳೆದುಕೊಳ್ಳಬೇಕು, ಅವಳ ಕೋಣೆಗೆ ಬೆಕ್ಕು ಕಾಲಿಡಬಾರದು, ಮನೆಯಲ್ಲಿ ಎಲ್ಲೂ ಕೂದಲು ಇರಬಾರದು. "ಅಕ್ಟೋಬರ್ ಹದಿನಾರಕ್ಕೆ ಬನ್ನಿ. ಅಂಕಿ ಇನ್ನೂರಿಪ್ಪತ್ತು ಮುಟ್ಟಿದ್ರೆ ಬೆಕ್ಕು ಇರಲಿ. ಮುಟ್ಟದಿದ್ರೆ ಆಮೇಲೆ ನಾನು ಯಾರ ಮಾತೂ ಕೇಳಲ್ಲ."

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಒಂದಕ್ಷರ ಬಿಡದೆ ಒಪ್ಪಿಸಿದೆ. "ಕೂದಲಿನದು ತಪ್ಪಿಲ್ಲ ಅಂದ್ರಾ?" ಅಂತ ಎರಡು ಸಲ ಕೇಳಿದರು. ಆಮೇಲೆ, "ದೊರೆಗಳಿಲ್ಲದ ಮನೇಲಿ ನಾನಿರಲ್ಲಮ್ಮ. ನನ್ನ ಕೋಣೆ ಇದೆ, ಮೆಟ್ಟಿಲು ಹತ್ಕೋತೀನಿ" ಅಂದರು. ಆ ಸೊಂಟದಲ್ಲಿ ಐವತ್ತನಾಲ್ಕು ಮೆಟ್ಟಿಲು! ನಾಳೆ ಬಿದ್ದರೆ ಜನ ಬೆರಳು ತೋರಿಸುವುದು ನನ್ನ ಕಡೆಗೇ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಆರು ವಾರ ತಾನೇ? ಉಜ್ಜುತ್ತೇನೆ. ಸೊಸೆ ಕೈಲಾದದ್ದು ಮಾಡಲಿಲ್ಲ ಅಂತ ಯಾರೂ ಅನ್ನಬಾರದು. ಆಮೇಲೆ ಬೆಕ್ಕು ಹೋಗಲಿ, ಅದರ ಹಿಂದೆ ಹೋಗುವವರೂ ಹೋಗಲಿ.

ಸೆಪ್ಟೆಂಬರ್ 5, ಶುಕ್ರವಾರ
ಅಂಕಿ: 165

ಒಂದು ಗಂಟೆ ವ್ಯಾಕ್ಯೂಮ್ ಕ್ಲೀನರ್ ಓಡಿಸಿದೆ. ಅದು ಧೂಳನ್ನೆಲ್ಲ ಎಳೆದುಕೊಂಡಿತು, ಕೂದಲನ್ನು ಹಾಗೇ ಬಿಟ್ಟಿತು. ಕಾರ್ಪೆಟ್ಟಿನ ಎಳೆಗೆ ಹೆಣೆದುಕೊಂಡು ಕೂತಿವೆ. ಅಂಗಡಿಯಿಂದ ಅಂಟುಟೇಪು ತಂದು ಅಂಗೈಗೆ ಸುತ್ತಿಕೊಂಡು ತಟ್ಟಿ ತಟ್ಟಿ ತೆಗೆದೆ. ಬಾಗಿಲಿನಿಂದ ಸೋಫಾ ಮುಟ್ಟುವಷ್ಟರಲ್ಲಿ ಟೇಪು ಖಾಲಿ.

ಅತ್ತೆ ಕುರ್ಚಿಯಲ್ಲಿ ಕೂತು ಕೋಲಿನಿಂದ ತೋರಿಸುತ್ತಿದ್ದರು. "ಅಲ್ಲೊಂದು ಉಳೀತು ನೋಡು. ಅಲ್ಲಲ್ಲ, ಈಚೆಗೆ. ಕಣ್ಣು ಕಾಣಲ್ವೇನೇ?" ಅವರ ತೊಡೆಯ ಮೇಲೆ ಬೆಕ್ಕು. ನಾನು ಒಂದು ಕೂದಲು ತೆಗೆಯುವುದರೊಳಗೆ ಅದು ಹತ್ತು ಉದುರಿಸುತ್ತಿತ್ತು.

ಸೆಪ್ಟೆಂಬರ್ 9, ಮಂಗಳವಾರ
ಅಂಕಿ: 160

ಇವತ್ತು ಮಾನ ಹೋಯಿತು. ನಾನು ಕೆಲಸ ಮಾಡುವುದು ಬಟ್ಟೆ ಸರಿಪಡಿಸುವ ಹೊಲಿಗೆ ಅಂಗಡಿಯಲ್ಲಿ. ಮಖಮಲ್ಲು, ರೇಷ್ಮೆ ಅಂಥ ನಾಜೂಕಿನ ಬಟ್ಟೆಗಳೆಲ್ಲ ನನ್ನ ಕೈಗೇ ಬರುವುದು. ಬ್ಯಾಂಡಿನವರ ಎಂಟು ಕರಿ ಕೋಟು ತೋಳು ಗಿಡ್ಡ ಮಾಡಿ ತೂಗುಹಾಕಿದ್ದೆ. ಮಾಸ್ಟರು ಒಂದೊಂದನ್ನೇ ನೋಡುತ್ತ ಬಂದು ಎರಡು ಬೆರಳಿನಲ್ಲಿ ಒಂದು ಬಿಳಿ ಕೂದಲೆತ್ತಿದರು. ಆಮೇಲೆ ಇನ್ನೊಂದು. ಆಮೇಲೆ ಎಣಿಸುವುದು ಬಿಟ್ಟರು.

"ಏನಮ್ಮ, ಚಿಂತೆಗೆ ತಲೆ ಬೆಳ್ಳಗಾಯ್ತಾ?" ಅಂದರು. ಬೇರೆಯವರೆಲ್ಲ ಮುಸಿಮುಸಿ ನಕ್ಕರು. ಬೈದಿದ್ದರೆ ವಾಸಿಯಿತ್ತು. ಈಗ ನಾನು ಮನೆಯ ಬಾಗಿಲ ಹೊರಗೆ ನಿಂತು ಬಟ್ಟೆ ಕೊಡವಿಕೊಂಡು ಹೋಗಬೇಕು.

ಚಿನಕುರಳಿ ಶಾಲೆಯಲ್ಲಿ ಓಟದ ಆಟಕ್ಕೆ ಸೇರಲಿಲ್ಲವಂತೆ. ಬೆಂಚಿನ ಮೇಲೆ ಕೂತು ಎಲ್ಲರ ನೀರಿನ ಬಾಟಲಿ ಕಾದಳಂತೆ. ಅದನ್ನೇ ದೊಡ್ಡ ಹುದ್ದೆ ಸಿಕ್ಕವಳ ಹಾಗೆ ಹೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಸೆಪ್ಟೆಂಬರ್ 13, ಶನಿವಾರ
ಅಂಕಿ: 165

ಯಾರೋ ಹೇಳಿದರೆಂದು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಒದ್ದೆ ಮಾಡಿ ಹಾಕಿಕೊಂಡು ಕಾರ್ಪೆಟ್ಟು ಸವರುತ್ತಿದ್ದೆ. ಸ್ವಲ್ಪ ಬಂತು. ಜಾಸ್ತಿ ಬರಲಿಲ್ಲ. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ,

"ಏನೇ, ನೀನು ಮಖಮಲ್ಲು ಹೊಲಿಯೋಳು ತಾನೇ?"

"ಹೌದು, ಅದಕ್ಕೇನೀಗ?"

"ಮಖಮಲ್ಲಿನ ಎಳೆ ಒಂದು ಕಡೆಗೆ ಮಲಗಿರತ್ತೆ, ಎದುರಿಗೆ ಸವರಿದ್ರೆ ಎದ್ದು ನಿಲ್ಲತ್ತೆ. ಕಾರ್ಪೆಟ್ಟೂ ಅಷ್ಟೇ ಅಲ್ವೇ? ನೀನು ಒಂದು ವಾರದಿಂದ ಕೂದಲನ್ನ ಒಳಗೆ ತಳ್ತಾ ಇದೀಯ."

ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತು ವರ್ಷ ಮಖಮಲ್ಲು ಸವರಿದ ಕೈ ಇದು. ಕತ್ತರಿಸುವ ಮೊದಲು ಎಳೆ ಯಾವ ಕಡೆ ಮಲಗಿದೆ ಅಂತ ನೋಡದೆ ಒಂದು ತುಂಡೂ ಮುಟ್ಟಿದವಳಲ್ಲ. ಕಾಲ ಕೆಳಗಿನದಕ್ಕೆ ಮಾತ್ರ ಆ ಬುದ್ಧಿ ಓಡಲಿಲ್ಲ. ಅತ್ತೆ ನಲವತ್ತು ವರ್ಷ ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಿಂಜಿ, ದಬ್ಬಣ ಹಿಡಿದು ಹಾಸಿಗೆ ಹೊಲಿದವರು. ಅವರಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ.

ಕಿಟಕಿಯ ಕಡೆಯಿಂದ ಬಾಗಿಲಿನ ಕಡೆಗೆ, ಎಳೆಗೆ ಎದುರಾಗಿ ಗ್ಲೌಸ್ ಎಳೆದೆ. ಅಬ್ಬಬ್ಬಾ! ಒಂದೇ ಎಳೆತಕ್ಕೆ ಹೆಬ್ಬೆರಳು ಗಾತ್ರದ ಸುರುಳಿ ಬಂತು. ಇನ್ನೊಂದು ಎಳೆದೆ, ಇನ್ನೊಂದು ಬಂತು. ಸಂಜೆ ಇವರು ಡ್ಯೂಟಿ ಮುಗಿಸಿ ಬಂದಾಗ ನಡುಮನೆಯಲ್ಲಿ ಇನ್ನೊಂದು ಬೆಕ್ಕು ಮಲಗಿದ ಹಾಗೆ ರಾಶಿ ಬಿದ್ದಿತ್ತು. ಇವರು ಬೂಟು ಬಿಚ್ಚುತ್ತ, "ಎರಡನೇದನ್ನ ಯಾವಾಗ ತಂದ್ರಿ?" ಅಂದರು. ಅತ್ತೆಯೂ ನಕ್ಕರು. ಅವರಿಗೆ ಹಲ್ಲು ಇಷ್ಟೊಂದಿದೆ ಅಂತ ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ
ಅಂಕಿ: 190

ಏರುತ್ತಿದೆ!

ಈಗ ಮನೆಯ ಕೆಲಸಕ್ಕೆ ಒಂದು ಕ್ರಮ ಬಂದಿದೆ. ಬೆಳಿಗ್ಗೆ ಅತ್ತೆ ಹಿಂದಿನ ಕಟ್ಟೆಯ ಮೇಲೆ ಕೂತು ಬೆಕ್ಕಿಗೆ ಬಾಚಣಿಗೆ ಹಾಕುತ್ತಾರೆ. ಮೈಮೇಲಿಂದಲೇ ತೆಗೆದರೆ ನೆಲಕ್ಕೆ ಬೀಳುವುದು ಕಡಿಮೆ ಅಂತ ಅವರ ವಾದ, ಸರಿಯಾಗಿದೆ. ನಾನು ಅಂಗಡಿಗೆ ಹೋಗುವ ಮೊದಲು ನಡುಮನೆ ಎಳೆಯುತ್ತೇನೆ, ಬಂದ ಮೇಲೆ ಕೋಣೆಗಳು. ಗೋಡೆಯಂಚಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಸೋಫಾಕ್ಕೆ ಒದ್ದೆ ಸ್ಪಂಜು. ಪರದೆಯ ಕೆಳಗಿನ ಒಂದು ಗೇಣು ಪೂರ್ತಿ ಕೂದಲು, ಅಲ್ಲಿ ಮೈ ತಿಕ್ಕಿಕೊಂಡು ಹೋಗುವುದಂತೆ. ಕುರ್ಚಿಯ ಕಾಲು, ಫ್ರಿಡ್ಜಿನ ಹಿಂದೆ, ಟಿವಿಯ ಬೆನ್ನು, ಚಪ್ಪಲಿಯ ಒಳಗೆ. ನಿನ್ನೆ ನನ್ನ ಕನ್ನಡಕದ ಡಬ್ಬಿಯಲ್ಲೂ ಒಂದು ಸಿಕ್ಕಿತು. ಮುಚ್ಚಿದ ಡಬ್ಬಿ!

ತೆಗೆದದ್ದನ್ನೆಲ್ಲ ಚೀಲಕ್ಕೆ ತುಂಬಿ ಬಿಸಾಡಲು ಹೊರಟರೆ ಅತ್ತೆ ಕೈ ಚಾಚುತ್ತಾರೆ. "ಕೊಡೇ ಇಲ್ಲಿ, ನಾನು ನೋಡ್ಕೋತೀನಿ. ನಿನಗೆ ಹೊತ್ತಾಗತ್ತೆ." ಪರವಾಗಿಲ್ಲ, ಸಹಾಯ ಮಾಡಬೇಕು ಅನ್ನುವ ಬುದ್ಧಿಯಾದರೂ ಬಂತಲ್ಲ.

ಸೆಪ್ಟೆಂಬರ್ 24, ಬುಧವಾರ
ಅಂಕಿ: 205

ಇನ್ನೂರು ದಾಟಿತು. ಚಿನಕುರಳಿ ಕೊಳವೆ ಹಿಡಿದುಕೊಂಡು ಮನೆಯೆಲ್ಲ ಕುಣಿದಳು. ಕುಣಿದೂ ಏದುಸಿರು ಬರಲಿಲ್ಲ.

ಅದೇ ಖುಷಿಗೆ ಅತ್ತೆ ಅವಳಿಗೊಂದು ಪುಟ್ಟ ದಿಂಬು ಕೊಟ್ಟರು. ನಾನು ತಂದಿಟ್ಟಿದ್ದ ಹೂವಿನ ಬಟ್ಟೆಯ ತುಂಡು, ಎರಡಂಗೈ ಅಗಲ, ಕೆನ್ನೆ ಇಡುವಷ್ಟು. ಹಗಲೆಲ್ಲ ನಾನು ಅಂಗಡಿಯಲ್ಲಿದ್ದಾಗ ಹೊಲಿದದ್ದಂತೆ. ಹೊಲಿಗೆ ಎಲ್ಲೂ ಕಾಣುವುದೇ ಇಲ್ಲ, ಎಲ್ಲ ಒಳಗೆ. ಒಳ್ಳೆಯ ಕೈ, ಒಪ್ಪಿಕೊಳ್ಳಬೇಕು. ಎಷ್ಟು ಮೆತ್ತಗಿದೆ ಅಂದರೆ ನನಗೇ ಕಿತ್ತುಕೊಳ್ಳೋಣ ಅನ್ನಿಸಿತು. "ಒಳಗೇನಿದೆ ಅಜ್ಜಿ?" ಅಂದರೆ "ಅದು ಅಜ್ಜಿ ಗುಟ್ಟು" ಅಂದರು.

ಸೆಪ್ಟೆಂಬರ್ 27, ಶನಿವಾರ
ಅಂಕಿ: 190

ನಿದ್ದೆಗಣ್ಣಿನಲ್ಲಿ ಸರಿಯಾಗಿ ಊದಿರಲಿಕ್ಕಿಲ್ಲ.

ಸೆಪ್ಟೆಂಬರ್ 30, ಮಂಗಳವಾರ
ಅಂಕಿ: 170

ಎರಡು ಸಲ ಊದಿಸಿದೆ. ಎರಡನೇ ಸಲವೂ 170. ಅವಳ ಕೋಣೆಯ ಕಾರ್ಪೆಟ್ಟನ್ನು ನಿನ್ನೆ ಮೂರು ಸಲ ಎಳೆದಿದ್ದೆ. ಒಂದು ಕೂದಲೂ ಬಂದಿರಲಿಲ್ಲ.

ಅಕ್ಟೋಬರ್ 1, ಬುಧವಾರ
ಅಂಕಿ: 155

ಇವತ್ತಿನದು ಯಾರಿಗೂ ಬೇಡ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಎದೆ ಸುಂಯ್ ಅನ್ನುತ್ತಿತ್ತು. ಶಾಲೆಯಿಂದ ಹನ್ನೊಂದಕ್ಕೆ ಫೋನು. ಕೈಯಲ್ಲಿದ್ದ ಕತ್ತರಿ ಎಲ್ಲಿಟ್ಟೆನೋ ಗೊತ್ತಿಲ್ಲ, ಓಡಿದೆ. ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕು ಹಾಕಿ ಎರಡು ಗಂಟೆ ಕೂರಿಸಿದರು. ತುಟಿ ಬಣ್ಣ ಕೆಟ್ಟಿತ್ತು. ಮಾಸ್ಕಿನೊಳಗಿಂದಲೇ ಏನೋ ಹೇಳಲು ಹೋದಳು. "ಬಾಯಿ ಮುಚ್ಚು" ಅಂದೆ. ಮುಚ್ಚಿದಳು. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಮನೆಗೆ ಬಂದು ಅವಳನ್ನು ಮಲಗಿಸಿ ಬಾಗಿಲು ಹಾಕಿ ಅತ್ತೆಯ ಮುಂದೆ ನಿಂತೆ.

"ಬೆಕ್ಕನ್ನ ಅವಳ ರೂಮಿಗೆ ಬಿಟ್ಟಿದೀರ."

"ಇಲ್ಲ ಕಣೇ."

"ನಾನು ಅಂಗಡಿಗೆ ಹೋದಾಗ ಬಿಟ್ಟಿದೀರ. ಇಲ್ದಿದ್ರೆ ಹೇಗೆ ಹೀಗಾಗತ್ತೆ? ಮಗುಗಿಂತ ನಿಮಗೆ ಆ ಪ್ರಾಣಿ ಹೆಚ್ಚಾಯ್ತು."

"ಆ ಹೊಸಿಲು ದೊರೆಗಳು ದಾಟಿಲ್ಲ. ನನ್ನ ಮಗನ ಮೇಲಾಣೆ."

"ಆಣೆ ಯಾರಿಗೆ ಬೇಕು? ನಂಗೆ ಅವಳ ಉಸಿರು ಬೇಕು."

ಅತ್ತೆ ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡರು. ಹೇಳಿದ್ದರಲ್ಲಿ ಒಂದು ಮಾತನ್ನೂ ನಾನು ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಅಕ್ಟೋಬರ್ 2, ಗುರುವಾರ
ಅಂಕಿ: 160

ಮನೆಯಲ್ಲಿ ಮಾತಾಡುತ್ತಿರುವುದು ಬೆಕ್ಕು ಒಂದೇ.

ಅಕ್ಟೋಬರ್ 4, ಶನಿವಾರ
ಅಂಕಿ: 160

ಅಕ್ಷರ ವಕ್ರವಾದರೆ ಆಗಲಿ, ಇವತ್ತೇ ಬರೆದುಬಿಡುತ್ತೇನೆ.

ಚಿನಕುರಳಿಯ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದೆ. ಆ ಪುಟ್ಟ ದಿಂಬನ್ನೆತ್ತಿ ಬದಿಗಿಡುವಾಗ ಬಟ್ಟೆಯ ನೇಯ್ಗೆಯಿಂದ ಒಂದು ಬಿಳಿ ಎಳೆ ಹೊರಗೆ ಚಾಚಿತ್ತು. ಉಗುರಿನಲ್ಲಿ ಹಿಡಿದು ಎಳೆದೆ. ಬಂತು. ಬರುತ್ತಲೇ ಇತ್ತು, ಬೆರಳುದ್ದ.

ಕತ್ತರಿ ತಂದು ಅಂಚು ಬಿಚ್ಚಿದೆ. ಒಳಗೆ ಪೂರ್ತಿ ದೊರೆಯ ಕೂದಲು.

ಹತ್ತು ರಾತ್ರಿ ನನ್ನ ಮಗಳು ಅದರಲ್ಲಿ ಮೂಗು ಹುದುಗಿಸಿ ಮಲಗಿದ್ದಾಳೆ. ನಾನು ಹೊರಗೆ ಮಂಡಿಯೂರಿ ಗೋಡೆಯಂಚಿಗೆ ಬ್ರಷ್ಷು ಹಾಕುತ್ತಿದ್ದೆ!

ಮೊದಲು ಬಂದ ಯೋಚನೆ ಏನು ಅಂತ ಇಲ್ಲಿ ಸುಳ್ಳು ಬರೆಯುವುದಿಲ್ಲ. ಸಿಕ್ಕಿಬಿದ್ದರು ಅಂದುಕೊಂಡೆ. ಸಂಜೆ ಇವರು ಬರುತ್ತಾರೆ, ದಿಂಬನ್ನು ಹಾಗೇ ತಟ್ಟೆಯಲ್ಲಿಟ್ಟು ಮುಂದಿಡುತ್ತೇನೆ. ಆಮೇಲೆ ಆರು ವಾರವೂ ಬೇಡ, ಅಂಕಿಯೂ ಬೇಡ. ಬೆಕ್ಕು, ಬುಟ್ಟಿ, ಕೋಲು ಎಲ್ಲ ಒಟ್ಟಿಗೇ ಹೊರಡುತ್ತವೆ.

ಆಮೇಲೆ ಕೂದಲನ್ನು ಕೈಗೆ ತೆಗೆದುಕೊಂಡೆ. ಸೋಪಿನ ವಾಸನೆ. ಕಸವಿಲ್ಲ, ಗಂಟಿಲ್ಲ. ಒಂದೊಂದು ಎಳೆಯನ್ನೂ ಬಿಡಿಸಿ, ಹತ್ತಿಯ ಹಾಗೆ ಹಿಂಜಿ, ಪದರ ಪದರವಾಗಿ ಇಟ್ಟಿದ್ದಾರೆ. ಎಷ್ಟು ಸಲ ತೊಳೆದಿದ್ದಾರೋ. ಸೊಂಟ ಬಗ್ಗದ ಮನುಷ್ಯೆ ಬಕೆಟ್ಟಿನ ಮುಂದೆ ಹೇಗೆ ಕೂತರೋ. ಕೂದಲಿನದೇನೂ ತಪ್ಪಿಲ್ಲ, ಅದಕ್ಕೆ ಅಂಟಿಕೊಂಡಿರೋದೇ ತೊಂದರೆ. ಡಾಕ್ಟರಮ್ಮನ ಆ ಮಾತನ್ನು ತಂದು ಒಪ್ಪಿಸಿದವಳು ನಾನೇ. ಅಂಟಿಕೊಂಡದ್ದನ್ನು ತೊಳೆದುಬಿಟ್ಟರಾಯಿತು ಅಂದುಕೊಂಡಿದ್ದಾರೆ. ನಲವತ್ತು ವರ್ಷ ಹಳೆಯ ಹಾಸಿಗೆ ಬಿಚ್ಚಿ, ತುಂಬಿದ್ದನ್ನು ತೊಳೆದು ಒಣಗಿಸಿ ಮತ್ತೆ ತುಂಬಿದವರು ಇನ್ನೇನು ಯೋಚನೆ ಮಾಡಿಯಾರು? ಸಾಬೂನಿಗೆ ಹೋಗದ್ದೂ ಒಂದಿರುತ್ತದೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಕೂದಲನ್ನೆಲ್ಲ ಎರಡು ಚೀಲದಲ್ಲಿ ಕಟ್ಟಿ ಬೀದಿಯ ಕಸದ ಡಬ್ಬಿಗೆ ಹಾಕಿ ಬಂದೆ. ಬಟ್ಟೆಯನ್ನೂ ಅದೇ ಚೀಲಕ್ಕೆ ಹಾಕಿದೆ. ಅದೇ ಹೂವಿನ ತುಂಡು ಇನ್ನೊಂದಿತ್ತು. ಹೊಸ ಹತ್ತಿ ತುಂಬಿ ಹೊಲಿಯಲು ಕೂತೆ. ಅತ್ತೆಯ ಒಳಹೊಲಿಗೆ ನನ್ನ ಕೈಗೆ ಬರಲಿಲ್ಲ. ಮೂರು ಸಲ ಬಿಚ್ಚಿದೆ. ನಾಲ್ಕನೇ ಸಲಕ್ಕೆ ಸುಮಾರಾಗಿ ಬಂತು.

ಇವರು ಬಂದರು, ಊಟ ಮಾಡಿದರು, ಮಲಗಿದರು. ದಣಿದಿದ್ದರು. ನಾಳೆ ಹೇಳಿದರಾಯಿತು.

ಅಕ್ಟೋಬರ್ 6, ಸೋಮವಾರ
ಅಂಕಿ: 170

ಇನ್ನೂ ಹೇಳಿಲ್ಲ. ನಿನ್ನೆ ಪುರುಸೊತ್ತಾಗಲಿಲ್ಲ.

ಅತ್ತೆ ಎರಡು ದಿನದಿಂದ ದೊರೆಗೆ ಬಾಚಣಿಗೆ ಹಾಕಿಲ್ಲ. ನನ್ನ ಮೇಲಿನ ಸಿಟ್ಟು. ಬಾಚದಿದ್ದರೆ ನೆಲವೆಲ್ಲ ಆಗುತ್ತದೆಯಲ್ಲ, ನಾನೇ ಕಟ್ಟೆಯ ಮೇಲೆ ಕೂರಿಸಿಕೊಂಡು ಬಾಚಿದೆ. ಕೈ ಪರಚಿತು. ಆಮೇಲೆ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿತು, ಅಲ್ಲೂ ಬಾಚು ಅಂತ. ಜಂಬಕ್ಕೇನೂ ಕಡಿಮೆಯಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಬಾಲದ ಬುಡದಲ್ಲಿ ಮೆಲ್ಲಗೆ ಕಣೇ, ಅವರಿಗೆ ನೋಯತ್ತೆ" ಅಂದರು. ಐದು ದಿನಕ್ಕೆ ಮೊದಲ ಮಾತು.

"ಅವತ್ತು ನಾನು ಹಾಗೆ ಅನ್ನಬಾರ್ದಿತ್ತು ಅತ್ತೆ" ಅಂದೆ. "ಹೊಸಿಲು ದಾಟಿಲ್ಲ, ನಂಗೊತ್ತಾಯ್ತು." ಹೇಗೆ ಅಂತ ಅವರು ಕೇಳಲಿಲ್ಲ, ಸದ್ಯ.

ತೆಗೆದ ಕೂದಲಿಗೆ ಅವರು ಕೈ ಚಾಚುವ ಮೊದಲೇ ನಾನೇ ಹೋಗಿ ಬಿಸಾಡಿ ಬಂದೆ.

ಅಕ್ಟೋಬರ್ 11, ಶನಿವಾರ
ಅಂಕಿ: 195

ದೊರೆಗಳು ಫ್ರಿಡ್ಜಿನ ಮೇಲೆ ಹೊಸ ಜಾಗ ಮಾಡಿಕೊಂಡಿದ್ದಾರೆ. ಅಲ್ಲಿಗೊಂದು ಹಳೆಯ ಟವಲು ಹಾಸಿದೆ, ದಿನಾ ಒಗೆದರಾಯಿತು. ಮಂಡಿ ಚಿಪ್ಪಿನ ಮೇಲೆ ಚರ್ಮ ದಪ್ಪಗಾಗಿದೆ. ಐದು ದಿನದಲ್ಲಿ ಇಪ್ಪತ್ತೈದು ಏರಬೇಕು. ಆಗುತ್ತದೆ. ಯಾಕಾಗುವುದಿಲ್ಲ?

ಅಕ್ಟೋಬರ್ 15, ಬುಧವಾರ
ಅಂಕಿ: 210

ನಾಳೆ ಡಾಕ್ಟರಮ್ಮನಿಗೆ ಈ ನೋಟ್‌ಬುಕ್ ತೋರಿಸುವುದು ಹೇಗೆ? ಇದರೊಳಗೆ ನನ್ನ ಬಂಡವಾಳವೆಲ್ಲ ಬಿದ್ದಿದೆ. ಅಂಕಿಗಳನ್ನಷ್ಟೇ ಒಂದು ಹಾಳೆಗೆ ಇಳಿಸಿದೆ. ಸಾಲಾಗಿ ಬರೆದಾಗ ಆ ಹತ್ತು ದಿನದ ಗುಂಡಿ ಕಣ್ಣಿಗೆ ರಾಚುತ್ತದೆ. ಅದಿಲ್ಲದಿದ್ದರೆ ಇಷ್ಟು ಹೊತ್ತಿಗೆ ಇನ್ನೂರಮೂವತ್ತು ಆಗಿರುತ್ತಿತ್ತು.

ಇವತ್ತು ಮನೆಯೆಲ್ಲ ಎರಡು ಸಲ ಎಳೆದೆ. ಕಾರ್ಪೆಟ್ಟೇ ಸವೆದುಹೋಗುತ್ತದೆ ಅಂತ ಅತ್ತೆ ಬೈದರು.

ಅಕ್ಟೋಬರ್ 16, ಗುರುವಾರ
ಅಂಕಿ: 215

ಐದು ಕಡಿಮೆ.

ಇವರು ಡ್ಯೂಟಿಯ ಮೇಲಿದ್ದರು. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದರು, ಮೂವರೂ ಹೋದೆವು. ಡಾಕ್ಟರಮ್ಮ ತಮ್ಮ ಕೊಳವೆಯಲ್ಲಿ ಮೂರು ಸಲ ಊದಿಸಿದರು. ಚಿನಕುರಳಿ ಕೆನ್ನೆ ಕೆಂಪಗಾಗುವಷ್ಟು ಊದಿದಳು. ಇನ್ನೂರಹದಿನೈದು. ನನ್ನ ಹಾಳೆಯ ಮೇಲೆ ಡಾಕ್ಟರಮ್ಮನ ಪೆನ್ನು ಓಡುತ್ತ ಬಂದು ಗುಂಡಿಯಲ್ಲಿ ನಿಂತಿತು.

"ಇಲ್ಲೇನಾಯ್ತು? ಇನ್ನೂರೈದು ಇದ್ದಿದ್ದು ನೂರೈವತ್ತೈದಕ್ಕೆ ಬಿದ್ದಿದೆ."

ಗೊತ್ತಿಲ್ಲ ಅನ್ನಬಹುದಿತ್ತು. ಅಂದರೆ, ಬೆಕ್ಕಿದ್ದರೆ ಹೀಗೇ ಅಂತ ಅವರು ಬರೆದುಬಿಡುತ್ತಿದ್ದರು. ಅತ್ತೆ ಪಕ್ಕದ ಕುರ್ಚಿಯಲ್ಲಿ ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು.

"ನನ್ನಿಂದ ತಪ್ಪಾಯ್ತು ಡಾಕ್ಟರಮ್ಮ. ಉದುರಿದ ಕೂದಲನ್ನ ಚೆನ್ನಾಗಿ ತೊಳೆದು ಒಣಗಿಸಿ ಮಗುಗೆ ದಿಂಬು ಹೊಲಿದುಬಿಟ್ಟೆ. ತೊಳೆದ್ರೆ ಏನಾಗಲ್ಲ ಅಂದ್ಕೊಂಡೆ. ಗೊತ್ತಾದ ತಕ್ಷಣ ಎಸೆದೆ. ಆ ಹತ್ತು ದಿನ ಲೆಕ್ಕಕ್ಕೆ ತಗೋಬೇಡಿ. ಇನ್ನೆರಡು ವಾರ ಕೊಡಿ, ಮುಟ್ಟಿಸ್ತೀನಿ."

"ತಲೆ ನೆಟ್ಟಗಿದೆಯಾ ನಿಮಗೆ?" ಡಾಕ್ಟರಮ್ಮ ಪೆನ್ನು ಮೇಜಿನ ಮೇಲೆ ಕುಕ್ಕಿದರು. "ಸೋಪು ಹಾಕಿದ್ರೆ ಪೂರ್ತಿ ಹೋಗತ್ತಾ ಅದು? ಮಗು ಪ್ರಾಣದ ಜೊತೆ ಆಟ ಆಡಿದೀರ. ತಾಯಿ ಅಂತೀರ ಬೇರೆ!"

ತಲೆ ತಗ್ಗಿಸಿ ಕೇಳಿಸಿಕೊಂಡೆ. ಅಷ್ಟರಲ್ಲಿ ಚಿನಕುರಳಿ, "ಅಮ್ಮ, ಆ ದಿಂಬು ಅಜ್ಜಿ ಹೊಲಿದಿದ್ದಲ್ವಾ?" ಅಂದಳು. ಅವಳ ಕಾಲು ತುಳಿದೆ. "ಯಾಕೆ ತುಳೀತೀಯ? ಅಜ್ಜೀನೇ ಹೊಲಿದಿದ್ದು!"

ಅತ್ತೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ದನಿ ಮಾತ್ರ ಕೇಳಿಸಿತು, ಬಹಳ ಸಣ್ಣದಾಗಿ. "ಮಗು ಸರಿಯಾಗಿ ಹೇಳ್ತಿದೆ. ನಾನೇ ಹೊಲಿದಿದ್ದು. ಇವಳು ಯಾಕೆ ಹೀಗೆ ಹೇಳ್ತಿದಾಳೋ ನಂಗೊತ್ತಿಲ್ಲ."

ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿದರು. ಸಿಟ್ಟು ಇಳಿದಿತ್ತು. ಎರಡು ವಾರ ಕೊಟ್ಟರು. ಬೆಕ್ಕು ಮನೆ ಬಿಟ್ಟರೂ ಅದರದ್ದು ತಿಂಗಳುಗಟ್ಟಲೆ ಕಾರ್ಪೆಟ್ಟಿನಲ್ಲಿ ಉಳಿಯುತ್ತದೆ, ಉಜ್ಜುವುದನ್ನು ಮಾತ್ರ ನಿಲ್ಲಿಸಬೇಡಿ ಅಂದರು.

ಮನೆಗೆ ಬಂದು ಮಗಳನ್ನು ಆಟಕ್ಕೆ ಕಳಿಸಿದ ಮೇಲೆ ಅತ್ತೆ ಕೇಳಿದರು. "ಯಾವತ್ತು ಗೊತ್ತಾಯ್ತು?"

"ಹನ್ನೆರಡು ದಿನ ಆಯ್ತು."

"ನನ್ನ ಮಗನಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಪುರುಸೊತ್ತಾಗ್ಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. "ಅವಳ ತುಟಿ ನೀಲಿಯಾಗಿದ್ದು ನನ್ನ ಕೈಯಿಂದಲೇ?" ಅಂದರು. ನೀರಿನ ಲೋಟ ತಂದು ಅವರ ಕೈಗಿಟ್ಟೆ.

"ದೊರೆಗಳನ್ನ ಕಳಿಸಿಬಿಡ್ತೀನಿ" ಅಂದರು. ತಮ್ಮ ಜೊತೆ ಹಾಸಿಗೆ ಅಂಗಡಿಯಲ್ಲಿದ್ದವಳು ಒಬ್ಬಳಿದ್ದಾಳೆ, ಮಕ್ಕಳಿಲ್ಲದ ಮನೆ, ಸಾಕಿಕೊಳ್ಳುತ್ತಾಳೆ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಏನಂದ್ಕೊಂಡಿದೀರ ಅತ್ತೆ? ಆರು ವಾರ ಮಂಡಿ ಸವೆಸಿದ್ದು ಇದಕ್ಕಾ? ಇನ್ನು ಐದೇ ಐದು ಅಂಕಿ! ಎರಡು ವಾರ ಇದೆ, ನಾನು ಏರಿಸ್ತೀನಿ."

"ಏರಿಸ್ತೀಯ, ನಂಗೊತ್ತು. ಆದ್ರೆ ಅವಳ ಉಸಿರನ್ನ ನಾನಿನ್ನು ಪರೀಕ್ಷೆಗೆ ಇಡಲ್ಲಮ್ಮ."

"ಮತ್ತೆ ನೀವು? ನೀವೂ ಹೋಗ್ತೀನಿ ಅಂದಿದ್ರಲ್ಲ."

ಅತ್ತೆ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಕಳಿಸ್ತೀಯಾ?" ಅಂದರು.

"ಎಲ್ಲಿಗೆ ಕಳಿಸ್ಲಿ? ಸುಮ್ನೆ ಕೂತ್ಕೊಳ್ಳಿ" ಅಂತ ಗದರಿದೆ.

ಅಕ್ಟೋಬರ್ 19, ಭಾನುವಾರ
ಅಂಕಿ: 215

ಅತ್ತೆಯ ಜೊತೆಗಾತಿ ಬಂದು ದೊರೆಗಳನ್ನು ಕರೆದುಕೊಂಡು ಹೋದರು. ಬುಟ್ಟಿಗೆ ಫ್ರಿಡ್ಜಿನ ಮೇಲಿನ ಟವಲನ್ನೂ ಹಾಕಿ ಕಳಿಸಿದೆ, ಗುರುತಿನ ವಾಸನೆ ಇರಲಿ ಅಂತ. ಬಾಲದ ಬುಡದಲ್ಲಿ ಮೆಲ್ಲಗೆ ಬಾಚಬೇಕು ಅಂತ ಎರಡು ಸಲ ಹೇಳಿದೆ. ಇವರು ನನ್ನನ್ನು ವಿಚಿತ್ರವಾಗಿ ನೋಡಿದರು. ಚಿನಕುರಳಿ ಗೇಟಿನವರೆಗೆ ಓಡಿದಳು. ಅತ್ತೆ ಕುರ್ಚಿಯಿಂದ ಏಳಲಿಲ್ಲ. "ಹೋಗಿಬನ್ನಿ" ಅಂದರು, ಅಷ್ಟೇ.

ಅಕ್ಟೋಬರ್ 22, ಬುಧವಾರ
ಅಂಕಿ: 225

ಮುಟ್ಟಿತು. ದೊರೆಗಳು ಇದ್ದಿದ್ದರೂ ಮುಟ್ಟುತ್ತಿತ್ತೋ ಏನೋ. ಆ ಮಾತನ್ನು ಅತ್ತೆಯ ಮುಂದೆ ಆಡಲಿಲ್ಲ.

ಮಧ್ಯಾಹ್ನ ಅಂಗಡಿಯಿಂದ ಬಂದು ಬಾಗಿಲು ತೆಗೆದರೆ ಕುರ್ಚಿ ಖಾಲಿ. ಕೋಲು ಗೋಡೆಗೆ ಒರಗಿದೆ. "ಅತ್ತೆ" ಅಂದೆ, ಉತ್ತರವಿಲ್ಲ. ಹೊರಟೇಹೋದರು ಅಂದುಕೊಂಡೆ. ಕೋಲೂ ಇಲ್ಲದೆ, ಆ ಮೆಟ್ಟಿಲು! ಚೀಲ ಅಲ್ಲೇ ಬಿಟ್ಟು ಬೀದಿಗೆ ಓಡುವುದರಲ್ಲಿದ್ದೆ.

"ಇಲ್ಲಿದೀನಿ ಕಣೇ."

ಮಂಚದ ಆಚೆ, ನೆಲದ ಮೇಲೆ. ಒಂದು ಮಗ್ಗುಲಿಗೆ ಒರಗಿ, ಬಲಗೈಗೆ ನನ್ನ ರಬ್ಬರ್ ಗ್ಲೌಸ್ ಹಾಕಿಕೊಂಡು, ಎಳೆಗೆ ಎದುರಾಗಿ ಕಾರ್ಪೆಟ್ಟು ಎಳೆಯುತ್ತಿದ್ದರು. ಮುಂದೆ ಬಿಳಿಯ ಸುರುಳಿಗಳು. "ಮಂಚದ ಕೆಳಗೆ ನೀನು ಸರಿಯಾಗಿ ಮಾಡೇ ಇರ್ಲಿಲ್ಲ" ಅಂದರು.

"ಯಾಕೆ ಇಳಿದ್ರಿ? ಏಳಿ ಮೊದಲು!"

"ಏಳಕ್ಕಾಗಿದ್ರೆ ನಿನಗೆ ಕಾಯ್ತಿದ್ನಾ? ಹತ್ತು ಗಂಟೆಯಿಂದ ಇಲ್ಲೇ ಇದೀನಿ."

ನನಗೆ ನಗು ಬಂತು. ಅವರೂ ನಕ್ಕರು. ನಗುತ್ತ ನಗುತ್ತ ಅವರ ದನಿ ಒಡೆಯಿತು, ಗ್ಲೌಸಿನ ಕೈಯಲ್ಲೇ ಮುಖ ಮುಚ್ಚಿಕೊಳ್ಳಲು ಹೋದರು. ನಾನು ಆ ಕೈ ಹಿಡಿದುಕೊಂಡೆ. ಎಬ್ಬಿಸುವ ಬದಲು ಎಡಗೈಯ ಗ್ಲೌಸ್ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಇಬ್ಬರೂ ಮಂಚದ ಕಾಲಿನಿಂದ ಶುರುಮಾಡಿ, ಅವರು ತೆವಳಿಕೊಂಡು ನಾನು ಮಂಡಿಯೂರಿಕೊಂಡು, ಬಾಗಿಲವರೆಗೆ ಬಂದೆವು.

ಎಲ್ಲ ಸೇರಿ ಒಂದು ಬೊಗಸೆಯಾಯಿತು. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಲ್ಲಿ ಹಿಂಜುತ್ತಿದ್ದರು, ಅಭ್ಯಾಸಬಲ.

"ಕೊಡಿ ಅತ್ತೆ, ಬಿಸಾಕಿ ಬರ್ತೀನಿ" ಅಂದೆ.

"ಹೂಂ" ಅಂದರು. ನಾನು ಕೈ ಚಾಚಿಕೊಂಡೇ ಇದ್ದೆ. ಸ್ವಲ್ಪ ಹೊತ್ತು ಬಿಟ್ಟು ಕೊಟ್ಟರು.